ರೊಟ್ಟಿ ಬಡಿಯಲೊಂದು ಮನೆ

ಬಾಡಿಗೆ ಮನೆ ನೋಡಲು ಹೋದವರು ನಲ್ಲಿ ತಿರುಗಿಸಿ ನೀರು ನೋಡುತ್ತಾರೆ, ಕಿಟಕಿ ತೆಗೆದು ಗಾಳಿ ನೋಡುತ್ತಾರೆ, ಬಚ್ಚಲ ಬಾಗಿಲಿಗೆ ಚಿಲಕ ಸರಿಯಾಗಿದೆಯೇ ಎಂದು ನೋಡುತ್ತಾರೆ. ಅಮರಪ್ಪನ ಹೆಂಡತಿ ಹನುಮವ್ವ ಇದಾವುದನ್ನೂ ನೋಡುತ್ತಿರಲಿಲ್ಲ. ಹೊಸ್ತಿಲು ದಾಟಿದವಳೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬರಿ ನೆಲದ ಮೇಲೆ ಕೂತುಬಿಡುವಳು. ಬಲ ಅಂಗೈಯಿಂದ ನೆಲಕ್ಕೆ ರಪರಪ ನಾಲ್ಕು ಏಟು ಹಾಕುವಳು. ಆಮೇಲೆ ತಲೆಯೆತ್ತಿ, ಬೀಗದ ಕೈ ಹಿಡಿದು ನಿಂತವರನ್ನು ಒಂದೇ ಮಾತು ಕೇಳುವಳು: “ಇದರ ಕೆಳಗ ಯಾರದಾರ?”

ಮನೆ ತೋರಿಸಲು ಬಂದವರು ಮೊದಲು ಅವಳ ಮುಖ ನೋಡುವರು, ಆಮೇಲೆ ಅಮರಪ್ಪನ ಮುಖ ನೋಡುವರು. ಅಮರಪ್ಪ ಗೋಡೆ ನೋಡುವನು. ಹೀಗೆ ಒಂದು ತಿಂಗಳಲ್ಲಿ ಬೆಂಗಳೂರಿನ ಬಾಗಲಗುಂಟೆಯಲ್ಲೇ ಏಳು ಮನೆ ಕೈತಪ್ಪಿದವು. ಬ್ರೋಕರ್ ಅವನ ಫೋನ್ ಎತ್ತುವುದನ್ನೇ ಬಿಟ್ಟ.

ಹನುಮವ್ವ ಜೋಳದ ರೊಟ್ಟಿ ಬಡಿದು ಮಾರುವವಳು. ಕುಷ್ಟಗಿ ತಾಲ್ಲೂಕಿನಿಂದ ಗಂಡನ ಹಿಂದೆ ಬಂದಾಗ ಇಟ್ಟಿಗೆ ಹೊತ್ತಳು, ಮರಳು ಜರಡಿ ಹಿಡಿದಳು. ಅಮರಪ್ಪ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮಷಿನ್ ಕೆಲಸ ಕಲಿತು ನಾಲ್ಕು ಜನ ಮಾತಾಡಿಸುವ ಟರ್ನರ್ ಆದ. ಪಕ್ಕದ ರೂಮಿನಲ್ಲಿ ತಮ್ಮ ಕಡೆಯ ಹುಡುಗರು ಮೂರು ಹೊತ್ತೂ ಬನ್ನು ತಿಂದು ಕೆಲಸಕ್ಕೆ ಓಡುವುದನ್ನು ನೋಡಲಾರದೆ ಹನುಮವ್ವ ಒಂದು ದಿನ ನಾಲ್ಕು ರೊಟ್ಟಿ ಹೆಚ್ಚಿಗೆ ಬಡಿದಳು. ಆ ನಾಲ್ಕು ಈಗ ತೊಂಬತ್ತಾಗಿದ್ದವು. ಬೆಳಗಿನ ನಾಲ್ಕಕ್ಕೆ ಒಲೆಯ ಮುಂದೆ ಕೂತರೆ ಆರಕ್ಕೆ ಏಳುವಳು. ಅಷ್ಟರಲ್ಲಿ ಮೊದಲ ಪಾಳಿಯ ಹುಡುಗರು ಡಬ್ಬಿ ಹಿಡಿದು ಮೆಟ್ಟಿಲ ಮೇಲೆ ಸಾಲಾಗಿ ಕೂತಿರುವರು. ರಾಯಚೂರು, ಕೊಪ್ಪಳ, ಯಾದಗಿರಿಯ ಹುಡುಗರ ಬಾಯಲ್ಲಿ ಅವಳ ಹೆಸರು ಪೀಣ್ಯದ ಎರಡನೇ ಹಂತದವರೆಗೂ ಹೋಗಿತ್ತು. ಅಮರಪ್ಪನನ್ನೇ ಎಷ್ಟೋ ಜನ “ರೊಟ್ಟಿ ಹನುಮಕ್ಕನ ಮನಿಯವ್ರು” ಎಂದು ಗುರುತಿಸುತ್ತಿದ್ದರು. ಅವನಿಗೆ ಮೊದಮೊದಲು ಸಣ್ಣ ಸಿಟ್ಟು ಬರುತ್ತಿತ್ತು. ಈಗ ತಾನೇ ಹಾಗೆ ಹೇಳಿಕೊಳ್ಳುತ್ತಿದ್ದ.

ಹನ್ನೊಂದು ವರ್ಷದಿಂದ ಅವರಿದ್ದದ್ದು ಭಾಗ್ಯಮ್ಮನವರ ಮನೆಯ ಮಹಡಿಯ ಮೇಲೆ. ಭಾಗ್ಯಮ್ಮ ಆ ಊರಿನ ಹಳೇ ಒಕ್ಕಲು. ಅವರ ಮಾವನ ಕಾಲದಲ್ಲಿ ಅಲ್ಲಿ ರಾಗಿ ಬೆಳೆಯುತ್ತಿದ್ದರು, ಈಗ ಬಾಡಿಗೆದಾರರಿದ್ದರು. ಮಕ್ಕಳು ಹಳೇ ಮನೆ ಕೆಡವಿ ನಾಲ್ಕು ಅಂತಸ್ತು ಎತ್ತುವುದೆಂದು ಗೊತ್ತಾದಾಗ ಭಾಗ್ಯಮ್ಮ ತಾವೇ ಮೆಟ್ಟಿಲು ಹತ್ತಿ ಬಂದು ಹೇಳಿದರು. ಕಾಫಿ ಕುಡಿದರು, ಕಣ್ಣು ಒರೆಸಿಕೊಂಡರು, ಕೊನೆಗೆ ನಗುತ್ತಾ ಒಂದು ಮಾತು ಆಡಿಬಿಟ್ಟರು.

“ನಮ್ಗೂ ಇನ್ನಾರು ತಿಂಗ್ಳು ಅಕ್ಕನ ಮನೆ ವಾಸ ಕಣೆ ಅನುಮವ್ವ. ಏನೋ ಬುಡು, ಬೆಳಗಿನ ಜಾವ ಒಂದೀಟು ನಿದ್ದೆನಾರ ಆಯ್ತದೆ.”

ಆಡಿದವರೇ ನಾಲಿಗೆ ಕಚ್ಚಿಕೊಂಡರು. ಮಾತು ಬೇರೆ ಕಡೆ ತಿರುಗಿಸಿದರು. ಆದರೆ ಹನುಮವ್ವನ ಕೈಯಲ್ಲಿದ್ದ ಲೋಟ ಹಾಗೇ ನಿಂತುಬಿಟ್ಟಿತ್ತು. ಅವರು ಇಳಿದು ಹೋದ ಮೇಲೆ ಗಂಡನನ್ನು ಕೇಳಿದಳು, “ರೀ, ನಾ ಬಡಿಯೂ ಸಪ್ಪಳ ಕೆಳಗ ಎಂಥಾದ್ ಕೇಳಸ್ತೈತಿ?”

“ನನಗೇನ್ ಗೊತ್ತು? ನಾ ಮ್ಯಾಲ ಮಲಗಾಂವ,” ಎಂದ ಅಮರಪ್ಪ.

ಅಂದಿನಿಂದ ಅವಳಿಗೆ ಅದೊಂದು ಹುಳ ತಲೆಗೆ ಹೊಕ್ಕಿತು. ರೊಟ್ಟಿ ಬಡಿಯುವ ಮಣೆಯ ಕೆಳಗೆ ಗೋಣಿಚೀಲ ಮಡಿಸಿ ಹಾಕಿದಳು, ಹಳೇ ಕೌದಿ ಹಾಕಿದಳು. ಮಣೆ ಅಲುಗಾಡಿ ರೊಟ್ಟಿ ಹರಿಯಿತು. ಒಂಬತ್ತನೇ ಕ್ಲಾಸಿನ ಮಗಳು ಸವಿತಾ, “ಅವ್ವ, ಲಟ್ಟಿಸಿಬಿಡು, ಇಲ್ಲಾಂದ್ರೆ ಮಷಿನ್ ತಗೊಳಣ,” ಎಂದಳು. “ಲಟ್ಟಿಸಿದ್ದಕ್ಕ ಚಪಾತಿ ಅಂತಾರ. ನಿಮ್ಮಪ್ಪಗ ಮಾಡಿ ಹಾಕು,” ಎಂದು ಹನುಮವ್ವ ಮಗಳ ಬಾಯಿ ಮುಚ್ಚಿಸಿದಳು. ಕೆಳಮನೆಗಳನ್ನೂ ಹುಡುಕಿದರು. ಆ ಬೀದಿಗಳಲ್ಲಿ ಕೆಳಮನೆಯೆಂದರೆ ಮಾಲೀಕರು ಇರುತ್ತಾರೆ, ಇಲ್ಲವೇ ಅಂಗಡಿ ಇರುತ್ತದೆ, ಎರಡೂ ಇಲ್ಲದಿದ್ದರೆ ಬೈಕು ನಿಲ್ಲಿಸಿರುತ್ತಾರೆ. ಮಹಡಿ ಮನೆಯಾದರೆ ಅವಳು ಒಲ್ಲೆ ಎನ್ನುತ್ತಿದ್ದಳು. ರೊಟ್ಟಿ ಬಿಟ್ಟುಬಿಡೆಂದು ಹೇಳುವ ಧೈರ್ಯ ಅಮರಪ್ಪನಿಗಿರಲಿಲ್ಲ. ಹನುಮವ್ವನಿಂದ ರೊಟ್ಟಿ ಕಿತ್ತುಕೊಂಡರೆ ಅವಳು ಯಾರೋ ಒಬ್ಬ ಹೆಂಗಸಾಗಿಬಿಡುತ್ತಾಳೆ ಎಂಬುದು ಅವಳಿಗಿಂತ ಚೆನ್ನಾಗಿ ಅವನಿಗೆ ಗೊತ್ತಿತ್ತು.

ಅದೇ ಹೊತ್ತಿಗೆ ಅವನ ವರ್ಕ್‌ಶಾಪಿನ ಯಜಮಾನರೂ ವಯಸ್ಸಾಯಿತೆಂದು ಬಾಗಿಲು ಹಾಕಿದರು. ಟರ್ನರ್ ಕೆಲಸದವನಿಗೆ ಬೆಂಗಳೂರಿನ ಯಾವ ಮೂಲೆಯಲ್ಲಾದರೂ ಮಷಿನ್ ಸಿಗುತ್ತದೆ. ಹಾಗಾಗಿ ಬಾಗಲಗುಂಟೆಯಲ್ಲೇ ಇರಬೇಕೆಂದೇನೂ ಇರಲಿಲ್ಲ. ಸವಿತಾಳ ಪರೀಕ್ಷೆ ಮುಗಿದ ಮೇಲೆ ಏಪ್ರಿಲ್ಲಿನ ಒಂದು ಭಾನುವಾರ ಮೂವರೂ ಹೊರಟರು. ಬೆಳಿಗ್ಗೆ ಬ್ರೂಕ್‌ಫೀಲ್ಡ್ ಕಡೆ ಹನುಮವ್ವನ ತಂಗಿಯ ಮನೆ, ಮಧ್ಯಾಹ್ನ ಹೆಬ್ಬಗೋಡಿಯಲ್ಲಿ ಅಮರಪ್ಪನ ತಮ್ಮನ ಮನೆ. ನೆಂಟರನ್ನು ನೋಡಿದ ಹಾಗೂ ಆಯಿತು, ಊರು ನೋಡಿದ ಹಾಗೂ ಆಯಿತು ಎಂದು ಲೆಕ್ಕ. ಬರಿಗೈಯಲ್ಲಿ ನೆಂಟರ ಮನೆಗೆ ಹೋಗುವುದುಂಟೆ? ಹನುಮವ್ವ ಎರಡು ಚೀಲದ ತುಂಬ ಖಡಕ್ ರೊಟ್ಟಿ, ಶೇಂಗಾ, ಖಾರ ಹಾಕಿ ಕುಟ್ಟಿದ ಹಿಂಡಿ ಕಟ್ಟಿಕೊಂಡಳು. ದಾಸರಹಳ್ಳಿಯ ಮೆಟ್ರೋ ಸ್ಟೇಷನ್ನಿನಲ್ಲಿ ಚೀಲ ತಪಾಸಣೆಗೆ ಹಾಕಿದಾಗ ಸೆಕ್ಯೂರಿಟಿಯವನು ಮೂಗರಳಿಸಿ, “ಹಿಂಡಿ ಏನ್ರಿ ಅಕ್ಕಾರ?” ಎಂದ. ಬಾಗಲಕೋಟೆ ಕಡೆಯವನು. ಅವನಿಗೂ ಒಂದು ರೊಟ್ಟಿ ಹೋಯಿತು.

“ನಮ್ಮೂರ್ ಬಿಟ್ಟು ನಾನೆಲ್ಲೂ ಬರಲ್ಲಪ್ಪ,” ಎಂದು ಸವಿತಾ ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದಳು. ಅವಳ ಪಾಲಿಗೆ ನಮ್ಮೂರೆಂದರೆ ಬಾಗಲಗುಂಟೆ. ಕುಷ್ಟಗಿಯ ಹಳ್ಳಿ ಅವಳಿಗೆ ಅಜ್ಜಿಯ ಊರು, ರಜೆಯಲ್ಲಿ ಬೆವರಿಳಿಸುವ ಜಾಗ. ಅಮರಪ್ಪನಿಗೆ ಅದನ್ನು ಕೇಳಿ ನಗು ಬಂತು, ಜೊತೆಗೆ ಯೋಚನೆಯೂ ಬಂತು. ಈ ಹುಡುಗಿಗೆ ಊರೆಂದು ಹೇಳಿಕೊಳ್ಳಲು ಇವತ್ತು ಒಂದು ಜಾಗ ಗೊತ್ತುಮಾಡಲೇಬೇಕು ಎಂದುಕೊಂಡ.

ಹನುಮವ್ವನ ತಂಗಿ ಹುಲಿಗೆವ್ವ ಕುಂದಲಹಳ್ಳಿಯಲ್ಲಿ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿದ್ದಳು. ಬ್ರೂಕ್‌ಫೀಲ್ಡಿನ ಅಪಾರ್ಟ್‌ಮೆಂಟುಗಳಲ್ಲಿ ಅಡುಗೆ ಕೆಲಸ. ಅವಳ ಪಕ್ಕದ ಮನೆಯೇ ಖಾಲಿಯಾಗಿತ್ತು. ಓನರ್ ಹತ್ತಿರ ಮಾತಾಡಿ, ಬೀಗದ ಕೈ ಇಸಿದುಕೊಂಡು, ನೆಲ ಒರೆಸಿ, ಬಾಗಿಲಿಗೆ ರಂಗೋಲಿ ಬೇರೆ ಹಾಕಿ ಕಾಯುತ್ತಿದ್ದಳು. ಆರು ವರ್ಷದಿಂದ ಆ ಕಡೆ ಅವಳಿಗೆ ತನ್ನವರೆಂಬುವರು ಯಾರೂ ಇರಲಿಲ್ಲ.

“ಅಕ್ಕಾ, ಗ್ವಾಡಿಗೆ ಗ್ವಾಡಿ. ಇಲ್ಲಿಂದ ಕರದ್ರ ಅಲ್ಲಿ ಕೇಳತೈತಿ,” ಎಂದಳು ಸಂಭ್ರಮದಿಂದ.

“ಗ್ವಾಡಿ ಬಿಡು. ಕೆಳಗ ಯಾರದಾರ?”

“ಒಂದು ಹುಡಿಗಿ. ಬಾಡಿಗಿ ಇದ್ದಾಳ. ಓನರಿಗೆ ಹೇಳೀನಿ, ರೊಟ್ಟಿ ಬಡಿತಾಳಂತ. ಅವ್ರು, ನಾವೇನ್ ಅಲ್ಲಿರ್ತೀವಾ, ಬಡ್ಕೊಳ್ಳಿ ಬಿಡಿ ಅಂದ್ರು.”

ಅಮರಪ್ಪನಿಗೆ ನೆಮ್ಮದಿಯಾಯಿತು. ಓನರೇ ಒಪ್ಪಿದ ಮೇಲೆ ಇನ್ನೇನು? ಆದರೆ ಹನುಮವ್ವ ತಂಗಿಯ ಕೈಗೆ ಹಿಟ್ಟಿನ ಡಬ್ಬಿ ಕೊಟ್ಟು, ಖಾಲಿ ಮನೆಯ ನಡುವೆ ಮಣೆ ಹಾಕಿ ಕೂರಿಸಿದಳು. “ಹಿಟ್ಟು ನಾದಿ ಬಡಕೋತ ಇರು. ಕೈ ಉಳಿಸಬ್ಯಾಡ, ನನ್ನಂಗ ಬಡಿ. ನಾ ಕೆಳಗ ಹೋಗಿ ಕೇಳಿ ಬರ್ತೀನಿ.” ಗುರುತಿಲ್ಲದವರ ಮನೆಗೆ ಒಬ್ಬಳೇ ಹೋಗುವುದು ಚೆನ್ನಾಗಿರುವುದಿಲ್ಲವೆಂದು ಅಮರಪ್ಪನನ್ನೂ ಎಬ್ಬಿಸಿಕೊಂಡು ಹೋದಳು. ಅವನಿಗೆ ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಜಗತ್ತಿನಲ್ಲಿ ಯಾರಾದರೂ ತಮ್ಮ ಗದ್ದಲ ತಾವೇ ಕೇಳಲು ಇನ್ನೊಬ್ಬರ ಮನೆಯ ಬಾಗಿಲು ತಟ್ಟಿದ್ದುಂಟೆ?

ಬಾಗಿಲು ತಟ್ಟುವ ಕೆಲಸ ಬೀಳಲಿಲ್ಲ. ಮೆಟ್ಟಿಲ ಹತ್ತಿರವೇ ಆ ಹುಡುಗಿ ಸಿಕ್ಕಳು. ಹೆಸರು ವನಜಾ. ಮಂಡ್ಯದ ಕಡೆಯವಳು, ಮಾರತ್ತಹಳ್ಳಿಯ ಯಾವುದೋ ಆಫೀಸಿನಲ್ಲಿ ರಾತ್ರಿ ಪಾಳಿ. ಆಗಷ್ಟೇ ಕ್ಯಾಬ್ ಇಳಿದು ಬಂದಿದ್ದಳು. ಕತ್ತಿನ ಐಡಿ ಕಾರ್ಡ್ ಕೂಡ ತೆಗೆದಿರಲಿಲ್ಲ, ಕಣ್ಣು ಕೆಂಪಗಿದ್ದವು. ಹನುಮವ್ವ ಹೇಳಿದ್ದು ಅವಳಿಗೆ ಮೊದಲ ಸಲ ಅರ್ಥವಾಗಲಿಲ್ಲ. ಎರಡನೇ ಸಲ ಅರ್ಥವಾದಾಗ ಬೀಗ ತೆಗೆದು ಒಳಗೆ ಕರೆದಳು.

ಮೂವರೂ ಕಿವಿಗೊಟ್ಟು ನಿಂತರು. ಮೇಲೆ ಹುಲಿಗೆವ್ವ ಶುರುಮಾಡಿದಳು.

ಅಮರಪ್ಪ ಇಪ್ಪತ್ತು ವರ್ಷ ಆ ಸಪ್ಪಳದ ಪಕ್ಕದಲ್ಲೇ ಮಲಗಿ ಎದ್ದವನು. ಅವನಿಗೆ ಗೊತ್ತಿದ್ದದ್ದು ಪಟಪಟ ಪಟಪಟ ಎನ್ನುವ ಹಗುರ ಸದ್ದು, ಅದರ ಜೊತೆ ಬಳೆಯ ಕಿಣಿಕಿಣಿ, ಬಿಸಿ ಹಂಚಿನ ವಾಸನೆ. ಕೆಳಗೆ ಅದಾವುದೂ ಇರಲಿಲ್ಲ. ದಬ್, ದಬ್, ದಬ್ ಎಂದು ಭಾರವೊಂದೇ ಇಳಿದು ಬರುತ್ತಿತ್ತು. ಯಾರೋ ತಲೆಯ ಮೇಲೆ ಹಿಮ್ಮಡಿ ಊರಿ ಊರಿ ನಡೆದ ಹಾಗೆ. ಸ್ವಲ್ಪ ನಿಲ್ಲುವುದು, ಮುಗಿಯಿತು ಅನ್ನುವಷ್ಟರಲ್ಲಿ ಮತ್ತೆ ಹಿಡಿಯುವುದು. ಐದು ನಿಮಿಷಕ್ಕೇ ಅವನಿಗೆ ಸಾಕಾಯಿತು. ಹೆಂಡತಿಯ ಕಡೆ ನೋಡಿದ. ಹನುಮವ್ವನ ಮುಖ ಬಿಳಿಚಿಕೊಂಡಿತ್ತು.

“ನಿಮ್ಮ ಡ್ಯೂಟಿ ಮುಗಿಯೂದು ಯಾವಾಗ್ರಿ ತಂಗಿ?”

“ಮೂರೂವರೆಗೆ ಅಕ್ಕ. ನಾಲ್ಕಕ್ಕೆ ಬಂದು ಮಲಗ್ತೀನಿ. ಶನಿವಾರದ ಪಾಳಿಗೆ ಮಾತ್ರ ಇಷ್ಟೊತ್ತಾಗತ್ತೆ.”

“ನಾ ನಾಕಕ್ಕ ಶುರು ಮಾಡ್ತೀನಿ.”

ವನಜಾ ಐಡಿ ಕಾರ್ಡಿನ ದಾರವನ್ನು ಬೆರಳಿಗೆ ಸುತ್ತಿಕೊಂಡು ನಕ್ಕಳು. “ಪರ್ವಾಗಿಲ್ಲ ಅಕ್ಕ, ಬನ್ನಿ. ಅಡ್ಜಸ್ಟ್ ಮಾಡ್ಕೋತೀನಿ. ಹಿಂದಿದ್ದ ಮನೇಲಿ ಮೇಲ್ಗಡೆ ತುಂಬ ಗಲಾಟೆ ಅಂತ ಓನರ್‌ಗೆ ಹೇಳಿದ್ದಕ್ಕೆ ನನ್ನನ್ನೇ ಖಾಲಿ ಮಾಡಿ ಅಂದ್ಬಿಟ್ರು. ಇಲ್ಲಿ ನಾನ್ ಯಾರ್‌ಗೂ ಏನೂ ಹೇಳಲ್ಲ.”

ಹನುಮವ್ವ ಅವಳ ಕೈ ಹಿಡಿದು, “ಮಕ್ಕೋ ತಂಗಿ, ಬಾಗಲಾ ಹಾಕ್ಕೊಂಡು ಮಕ್ಕೋ,” ಎಂದಷ್ಟೇ ಹೇಳಿ ಮೇಲೆ ಬಂದಳು. ಮೇಲೆ ಬಂದವಳೇ ತಂಗಿಯ ಕೈಯಿಂದ ಹಿಟ್ಟು ತೆಗೆದಿಟ್ಟಳು. “ಈ ಮನಿ ಬ್ಯಾಡ ಹುಲಿಗೆವ್ವ.”

ಹುಲಿಗೆವ್ವನಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. “ಯಾವಾಕೀ ಗುರ್ತಿಲ್ಲದಾಕಿ ನಿದ್ದಿ ನಿನಗ ದೊಡ್ಡದಾತು. ತಂಗಿ ಬ್ಯಾಡಾದ್ಲು. ಆಕೀನ ಬಾ ಅಂದ್ಲಂತಲ್ಲ, ಮತ್ತೇನು?”

“ಬಾ ಅಂದ್ಲು. ಬ್ಯಾಡ ಅನ್ನಾಕ ಆಕಿಗೆ ಅಂಜಿಕಿ, ಅದಕ್ಕ ಬಾ ಅಂದ್ಲು,” ಎಂದಳು ಹನುಮವ್ವ. “ನೀ ನಾಕ್ ದಿನ ಸಿಟ್ಟಾಗಿ ಮಾತ ಬಿಡ್ತಿ, ಐದನೇ ದಿನ ಫೋನ್ ಹಚ್ಚಿ ಬೈತಿ. ಆ ಹುಡಿಗಿ ಯಾರಿಗೆ ಫೋನ್ ಹಚ್ಚಬೇಕು ಹೇಳು.”

ಹುಲಿಗೆವ್ವ ಎದ್ದು ತನ್ನ ಮನೆಗೆ ಹೋಗಿ ತಟ್ಟೆ ಹಾಕಿದಳು. ಉಪ್ಪಿಟ್ಟು ಬಡಿಸಿದಳು, ಮುಖ ತಿರುಗಿಸಿಕೊಂಡೇ ಬಡಿಸಿದಳು. ಹೊರಡುವಾಗ ಮಾತ್ರ ಮೂಗು ಒರೆಸಿಕೊಳ್ಳುತ್ತಲೇ ಅಕ್ಕನನ್ನು ಮಣೆಯ ಮೇಲೆ ಕೂರಿಸಿ ಕುಂಕುಮವಿಟ್ಟು, ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಬಟ್ಟೆ ಹಾಕಿ ಉಡಿ ತುಂಬಿದಳು. ಎಷ್ಟು ಸಿಟ್ಟಿದ್ದರೂ ಒಡಹುಟ್ಟಿದವಳನ್ನು ಬರಿ ಉಡಿಯಲ್ಲಿ ಕಳಿಸುವ ಪದ್ಧತಿ ಅವರ ಕಡೆ ಇಲ್ಲ. ಅಮರಪ್ಪನಿಗೆ ಇಬ್ಬರ ಮೇಲೂ ಕನಿಕರ ಬಂತು, ಹೆಂಡತಿಯ ಮೇಲೆ ಸಿಟ್ಟೂ ಬಂತು.

ಸಿಟ್ಟನ್ನು ಮೆಜೆಸ್ಟಿಕ್‌ವರೆಗೆ ಹೊತ್ತು ತಂದ. ಪ್ಲಾಟ್‌ಫಾರ್ಮಿನಲ್ಲಿ ರೈಲು ಬದಲಿಸಲು ನಿಂತಾಗ, “ಹಿಂಗ ಎಲ್ಲಾರ ನಿದ್ದಿ ಕಾಯ್ಕೋತ ಹೊಂಟ್ರ ನಾವ್ ಗಾಳ್ಯಾಗ ಮನಿ ಕಟ್ಟಬೇಕು ನೋಡು,” ಎಂದ. ಹನುಮವ್ವ ಕೇಳಿಸಿಕೊಳ್ಳಲಿಲ್ಲ. ಮಗಳ ಕೈಯಿಂದ ಫೋನ್ ತೆಗೆಸಿ ಭಾಗ್ಯಮ್ಮನವರಿಗೆ ಹಚ್ಚಿಸುತ್ತಿದ್ದಳು. ಗದ್ದಲದಲ್ಲಿ ಕೇಳಲೆಂದು ಸವಿತಾ ಸ್ಪೀಕರ್ ಒತ್ತಿದಳು.

“ಅವ್ವಾರ, ತಪ್ಪಾತ್ರಿ,” ಎಂದಳು ಹನುಮವ್ವ. “ಹನ್ನೊಂದ್ ವರ್ಷ ನಿಮ್ಮ ನಿದ್ದಿ ಕೆಡಿಸೀನಿ. ಇವತ್ತ ಕೆಳಗ ನಿಂತು ಕೇಳಿದೆ ನೋಡ್ರಿ. ಒಂದ್ ಸಲನಾರ ಬೈಬೇಕಿಲ್ರಿ?”

ಆ ಕಡೆ ಭಾಗ್ಯಮ್ಮ ನಕ್ಕರು. “ಅಯ್ಯೋ ಇವ್ಳೆ, ಮನೆ ನೋಡಕ್ಕೋಗಿ ಇದೇನೇ ನಿಂದು? ಮೊದ್ಲ ವರ್ಸ ಜಗಳ ಆಡ್ಬುಡಾಣ ಅಂತ ಒಂದಿನ ಮೆಟ್ಲತ್ತಿ ಬಂದಿದ್ದೆ ಕಣೆ. ಬಂದ್ರೆ ಮೆಟ್ಲ ತುಂಬ ಉಡುಗ್ರು, ಡಬ್ಬ ಮಡೀಕೊಂಡು ತೂಕಡಿಸ್ತಾ ಕೂತವ್ರೆ. ಪಾಪ, ಯಾರ್ ಎತ್ತ ಮಕ್ಳೋ ಅಂತ ವಾಪಸ್ ಬಂದ್ಬುಟ್ಟೆ. ಊಟ ಆಯ್ತಾ?”

ಹನುಮವ್ವ ಆಯಿತೆಂದಳು. ಫೋನು ಮಗಳಿಗೆ ಕೊಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. ಅಮರಪ್ಪನ ಸಿಟ್ಟು ಎಲ್ಲಿ ಇಳಿಯಿತೋ ಅವನಿಗೇ ತಿಳಿಯಲಿಲ್ಲ. ರೈಲು ಬಂದಾಗ ಎರಡು ಚೀಲವನ್ನೂ ತಾನೇ ಹೊತ್ತುಕೊಂಡ.

ಆರ್.ವಿ. ರೋಡಿನಲ್ಲಿ ಮತ್ತೊಂದು ರೈಲು ಹಿಡಿದು ಹೆಬ್ಬಗೋಡಿಯಲ್ಲಿ ಇಳಿದಾಗ ಅಮರಪ್ಪನ ತಮ್ಮ ಯಮನೂರ ಸ್ಟೇಷನ್ನಿಗೇ ಬಂದಿದ್ದ. ಪ್ಲಾಸ್ಟಿಕ್ ಫ್ಯಾಕ್ಟರಿಯಲ್ಲಿ ಕೆಲಸ, ಬಾಯಿ ಒಂದು ಗಳಿಗೆ ಸುಮ್ಮನಿರುವುದಿಲ್ಲ. ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು. ಅತ್ತಿಗೆ ಪಕ್ಕದಲ್ಲೇ ಬಂದುಬಿಟ್ಟರೆ ಬಾಣಂತಿಗೂ ಕೂಸಿಗೂ ಒಂದು ದಿಕ್ಕಾಗುತ್ತದೆಂಬ ಆಸೆ ಅವನಿಗೆ. ಅವನಿದ್ದದ್ದು ತಗಡಿನ ಮಾಡಿನ ಎಂಟು ಕೋಣೆಗಳ ಒಂದು ಸಾಲು. ಒಂದು ಕೋಣೆ ಖಾಲಿಯಿತ್ತು. ಹನುಮವ್ವ ಒಳಗೆ ಕೂತು ನೆಲಕ್ಕೆ ಬಡಿದು ಕೇಳಿದಳು, “ಕೆಳಗ ಯಾರದಾರ?”

“ಕೆಳಗ ಭೂಮಿತಾಯಿ ಅದಾಳ ಅತ್ತಿಗಿ. ಆಕಿ ಏನೂ ಅನ್ನಂಗಿಲ್ಲ,” ಎಂದ ಯಮನೂರ.

ಆ ದಿನ ಹನುಮವ್ವ ಮೊದಲ ಸಲ ಬಾಯ್ತುಂಬ ನಕ್ಕಳು. ಅಕ್ಕಪಕ್ಕದವರೆಲ್ಲ ತಮ್ಮ ಕಡೆಯವರೇ, ಎಲ್ಲರೂ ನಾಲ್ಕು ಗಂಟೆಗೆ ಏಳುವವರೇ. ನೀರು ಬರುತ್ತಿತ್ತು, ಸವಿತಾಳಿಗೆ ಹತ್ತಿರದಲ್ಲೇ ಹೈಸ್ಕೂಲಿತ್ತು. ಅಮರಪ್ಪ ಮನಸ್ಸಿನಲ್ಲೇ ಕ್ಯಾಲೆಂಡರಿಗೆ ಮೊಳೆ ಹೊಡೆಯುವ ಜಾಗ ಗೊತ್ತುಮಾಡಿದ. ಅಷ್ಟರಲ್ಲಿ ಹೆಂಡತಿ ಬಾಗಿಲಿಗೆ ಬಂದು ನಿಂತದ್ದು ಕಂಡಿತು. ಸಾಲಿನ ಕೊನೆಯ ಕೋಣೆಯ ಮುಂದೆ ತೊಳೆದು ಗೋಡೆಗೊರಗಿಸಿದ ಒಂದು ಕಟ್ಟಿಗೆಯ ಮಣೆ ಇತ್ತು. ನಡುವೆ ಸವೆದು ತಗ್ಗಾಗಿತ್ತು. ಪಕ್ಕದಲ್ಲಿ ಬಿಳಿ ಬಟ್ಟೆ ಮುಚ್ಚಿದ ರೊಟ್ಟಿಯ ಬುಟ್ಟಿ.

“ಯಮನೂರ, ಅದ್ಯಾರ ಮನಿ?”

ಯಮನೂರನ ಬಾಯಿ ಆಗಷ್ಟೇ ಕಟ್ಟಿತು. “ಅದು... ಮರೆವ್ವ ಅಂತ, ಲಿಂಗಸುಗೂರಿನಾಕಿ. ಹಿರೇ ಜೀವ, ಒಬ್ಬಾಕೀನ ಅದಾಳ. ರೊಟ್ಟಿ ಬಡೀತಾಳ. ಮೊಣಕಾಲು ಹ್ವಾದಾವು ಬಿಡು ಅತ್ತಿಗಿ, ಇನ್ನೆಷ್ಟ್ ದಿನ ಬಡದಾಳು? ನೀ ಬಂದ್ರ ಎಲ್ಲಾರೂ ನಿನ್ನ ಕಡೆನ ಬರ್ತಾರ.”

“ಅದಕ್ಕ ಹೇಳಿಲ್ಲ ನೀ,” ಎಂದು ಹನುಮವ್ವ ಆ ಕಡೆ ಹೆಜ್ಜೆ ಹಾಕಿದಳು.

ಅಮರಪ್ಪ ಅಡ್ಡ ಬಂದ. ಬೆಳಗಿನಿಂದ ತಡೆದುಕೊಂಡದ್ದೆಲ್ಲ ಆಗ ಹೊರಬಂತು. “ಕೇಳಬ್ಯಾಡ. ಕೈ ಮುಗೀತೀನಿ, ಈ ಒಂದ್ ಸಲ ಕೇಳಬ್ಯಾಡ. ಕೇಳಿದ್ರ ಆಕಿ ಬ್ಯಾಡಂತಾಳ.”

“ಬ್ಯಾಡ ಅಂತಾಳಂತ ಗೊತ್ತಿದ್ರ ಕೇಳದ ಹೆಂಗ ಬರಾಕ ಬರ್ತೈತಿ?” ಎಂದಳು ಹನುಮವ್ವ. ಅವನು ದಾರಿ ಬಿಟ್ಟು ಹಿಂದೆಯೇ ನಡೆದ.

ಮರೆವ್ವ ಬಾಗಿಲಲ್ಲಿ ಕಾಲು ಚಾಚಿ ಕೂತು ಜೋಳ ಹಸನು ಮಾಡುತ್ತಿದ್ದಳು. ಅರವತ್ತೈದರ ಮೇಲಿದ್ದಳು, ಸಣಕಲು ದೇಹ. ಹನುಮವ್ವ ಎದುರಿಗೆ ಕೂತು ಸುತ್ತಿಬಳಸದೆ ಹೇಳಿದಳು. “ಯವ್ವಾ, ನಾನೂ ರೊಟ್ಟಿ ಬಡಿಯಾಕಿ. ಈ ಸಾಲಿನ್ಯಾಗ ಮನಿ ಹಿಡಿಯಾಕ ಬಂದೀನಿ. ನಾ ಬಂದ್ರ ನಿನ್ನ ಮಂದಿ ಅರ್ಧ ನನ್ನ ಕಡೆ ಬರ್ತಾರ. ಬಾ ಅಂದ್ರ ಬರ್ತೀನಿ, ಬ್ಯಾಡಂದ್ರ ಇಲ್ಲ.”

ಮರೆವ್ವ ಮೊರ ಕೆಳಗಿಟ್ಟು ಅವಳ ಬಲಗೈ ಎಳೆದುಕೊಂಡು ಅಂಗೈ ನೋಡಿದಳು. ಹೆಬ್ಬೆರಳ ಬುಡದಲ್ಲಿ ಜಡ್ಡುಗಟ್ಟಿದ ಚರ್ಮವನ್ನು ಬೆರಳಿನಿಂದ ಒತ್ತಿದಳು. ಕೈ ಬಿಟ್ಟಳು.

“ಬರಬ್ಯಾಡ,” ಎಂದಳು.

ಹನುಮವ್ವ, “ಆತು ಯವ್ವಾ,” ಎಂದು ಚೀಲ ಬಿಚ್ಚಿ ಖಡಕ್ ರೊಟ್ಟಿ, ಹಿಂಡಿ ಅವಳ ಮುಂದಿಟ್ಟಳು. ಆ ಮಾತಿನಲ್ಲಿ ಬೇಸರವಿರಲಿಲ್ಲ. ಬೆಳಗಿನಿಂದ ಅವಳಿಗೆ ಒಬ್ಬರಾದರೂ ಮನಸ್ಸಿನಲ್ಲಿದ್ದದ್ದನ್ನು ಹೇಳಿದ್ದು ಇದೇ ಮೊದಲು. ಮರೆವ್ವ ಒಂದು ತುಂಡು ಮುರಿದು ಬಾಯಿಗಿಟ್ಟು, ಇದ್ದ ನಾಲ್ಕು ಹಲ್ಲಿನಲ್ಲಿ ನಿಧಾನವಾಗಿ ಅಗಿದಳು.

“ಛಲೋ ಬಡೀತಿ. ಅದಕ್ಕ ಬರಬ್ಯಾಡ ಅಂದೆ,” ಎಂದಳು. “ಕೆಟ್ಟ ಬಡಿಯಾಕಿ ಆಗಿದ್ರ ಬಾ ಅಂತಿದ್ದೆ.”

ಯಮನೂರನ ಕೋಣೆಯಲ್ಲಿ ಊಟವಾಯಿತು. ಅವನು ಪೆಚ್ಚಾಗಿದ್ದ, ಅಮರಪ್ಪ ಅನ್ನ ಕಲಸುತ್ತಾ ಕೂತಿದ್ದ. ಎಂಟನೇ ಮನೆಯೂ ಒಂಬತ್ತನೇ ಮನೆಯೂ ನೋಡಿಯಾಯಿತು. ಊರಿನ ಎರಡು ಅಂಚೂ ಮುಗಿದವು. ಹೆಂಡತಿಗೆ ಏನು ಹೇಳಬೇಕೆಂದು ಯೋಚಿಸಿದ. ಮಷಿನ್ ತರೋಣ ಎನ್ನಬೇಕೆ, ಬಿಟ್ಟುಬಿಡು ಎನ್ನಬೇಕೆ? ಯಾವುದೂ ಬಾಯಿಗೆ ಬರಲಿಲ್ಲ. ಹನುಮವ್ವ ತಾನಾಗಿಯೇ ಹೇಳಿದಳು, “ಯಾವುದಾರ ಮ್ಯಾಲಿನ ಮನಿನ ಹಿಡಿಯೂನು ರೀ. ರೊಟ್ಟಿ ಬಿಡ್ತೀನಿ. ಎಲ್ಲ್ಯಾರ ಹೌಸ್‌ಕೀಪಿಂಗ್ ಸೇರ್ಕೊಂಡ್ರಾತು.” ಸಾದಾ ಮಾತಿನ ಹಾಗೆಯೇ ಹೇಳಿದಳು. ಸವಿತಾ ತುತ್ತು ಬಿಟ್ಟು ತಾಯಿಯನ್ನೇ ನೋಡಿದಳು. ಅಮರಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ಎತ್ತಿದರೆ ಅಳು ಬರುತ್ತಿತ್ತು.

ಹೊರಡಲು ಚೀಲ ಎತ್ತಿಕೊಂಡು ಓಣಿಗೆ ಬಂದಾಗ ಮರೆವ್ವ ಚಪ್ಪಲಿ ಮೆಟ್ಟಿ, ಕೋಲು ಹಿಡಿದು ತಯಾರಾಗಿ ನಿಂತಿದ್ದಳು.

“ನಡೀರಿ,” ಎಂದಳು.

“ಎಲ್ಲಿಗೆ ಯವ್ವಾ?”

“ಹೆದ್ದಾರಿ ಆ ಕಡೆ. ಆ ಫ್ಯಾಕ್ಟರಿಗಳ ಹುಡುಗರು ಇಪ್ಪತ್ತು ಮಂದಿ ನನಗ ರೊಟ್ಟಿ ಕೇಳ್ತಾರ. ನಾ ಬಡಿಯೂ ನಲವತ್ತು ಈ ಸಾಲಿಗೇ ಆಗಂಗಿಲ್ಲ. ಇಲ್ಲವೋ ಅಂತ ಹೇಳಿ ಹೇಳಿ ಬಾಯಿ ನೋಯಾಕತ್ತೈತಿ. ಅಲ್ಲೊಂದು ಹಿಟ್ಟಿನ ಗಿರಣಿ ಐತಿ, ಹಿಂದ ಒಂದು ಮನಿ ಐತಿ. ಕೆಳಗೂ ಯಾರಿಲ್ಲ, ಮ್ಯಾಲೂ ಯಾರಿಲ್ಲ.”

ಯಮನೂರ ಕಣ್ಣು ಬಿಟ್ಟ. ಮೊಣಕಾಲು ಹೋದ ಮೇಲೆ ಮರೆವ್ವ ನಾಲ್ಕು ವರ್ಷದಿಂದ ಹೆದ್ದಾರಿ ದಾಟಿದವಳೇ ಅಲ್ಲ. ಜೋಳ ಬೀಸಿಕೊಂಡು ಬರುತ್ತಿದ್ದದ್ದು ಸಾಲಿನ ಹುಡುಗರು. ದಾಟಬೇಕೆಂದರೆ ಸ್ಕೈವಾಕಿನ ಮೆಟ್ಟಿಲು ಹತ್ತಬೇಕು. ಯಮನೂರ ತಾನೇ ಹೋಗಿ ಕೇಳಿ ಬರುತ್ತೇನೆಂದ. “ನಿನ್ನ ಮಾತ ಕೇಳಿ ಯಾರ್ ಮನಿ ಕೊಡ್ತಾರಲೇ?” ಎಂದು ಅವನ ಬಾಯಿ ಮುಚ್ಚಿಸಿ ಮರೆವ್ವ ನಡೆದೇಬಿಟ್ಟಳು.

ಮೆಟ್ಟಿಲನ್ನು ಅವಳು ಒಂದೊಂದಾಗಿ ಹತ್ತಿದಳು. ಎರಡು ಕಾಲೂ ಒಂದೇ ಮೆಟ್ಟಿಲ ಮೇಲೆ ಬಂದು ಸೇರಿದ ಮೇಲೆ ಇನ್ನೊಂದು. ಒಂದು ಕಡೆ ಹನುಮವ್ವ ಹಿಡಿದಿದ್ದಳು, ಇನ್ನೊಂದು ಕಡೆ ಸವಿತಾ. ಅರ್ಧಕ್ಕೆ ಕೂತು ಸುಧಾರಿಸಿಕೊಂಡು, ಕೆಳಗೆ ಹರಿಯುವ ಲಾರಿ ಬಸ್ಸುಗಳನ್ನು ನೋಡಿ, “ಎಷ್ಟ್ ಮಂದಿ ಆಗ್ಯಾರವ್ವಾ,” ಎಂದು ಬೆರಗಾದಳು. ಅಮರಪ್ಪ ಹಿಂದೆ ಬರುತ್ತಾ ಮೂವರನ್ನೂ ನೋಡುತ್ತಿದ್ದ. ಬರಬೇಡವೆಂದವಳು ಇವಳೇ, ಕರೆದುಕೊಂಡು ಹೋಗುತ್ತಿರುವವಳೂ ಇವಳೇ. ಅವನಿಗೆ ಇದು ಪೂರ್ತಿ ಅರ್ಥವಾಗಲಿಲ್ಲ, ಆದರೆ ಹೆಂಡತಿಗೆ ಅರ್ಥವಾದ ಹಾಗಿತ್ತು. ಅವಳು ಮರೆವ್ವನ ಸೊಂಟಕ್ಕೆ ಕೈ ಹಾಕಿಕೊಂಡು ಏನೋ ಹಿಟ್ಟಿನ ಮಾತಾಡುತ್ತಿದ್ದಳು.

ಗಿರಣಿಯ ಯಜಮಾನ ದೇವರಾಜ್ ಅಲ್ಲಿನ ಹಳೇ ಒಕ್ಕಲು ಮನೆತನದವನು. ಮೈತುಂಬ ಹಿಟ್ಟು ಮೆತ್ತಿಕೊಂಡು ಬೆಲ್ಟು ಸರಿಮಾಡುತ್ತಿದ್ದ. ಮರೆವ್ವನನ್ನು ಕಂಡು ಕೈ ಒರೆಸಿಕೊಂಡು ಬಂದು ಸ್ಟೂಲು ಹಾಕಿದ. “ಏನಮ್ಮ ಮರೆವ್ವ, ಕಾಲ್ ಸರಿ ಓಯ್ತಾ? ಎಷ್ಟ್ ವರ್ಸ ಆಯ್ತು ನಿನ್ ನೋಡಿ!”

“ಕಾಲು ಎಲ್ಲಿ ಸರಿ ಹೊಕ್ಕಾವಪ್ಪ. ಹಿಂದಿನ ಮನಿ ಈಕಿಗೆ ಕೊಡು.”

ದೇವರಾಜ್ ಅಮರಪ್ಪನ ಕುಟುಂಬವನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದ. ಮನೆ ಅವನು ಸುಮ್ಮಸುಮ್ಮನೆ ಯಾರಿಗೂ ಕೊಟ್ಟಿರಲಿಲ್ಲ. ಹಿಂದಿದ್ದವರು ಕುಡಿದು ಗಲಾಟೆ ಮಾಡಿ ಹೋದ ಮೇಲೆ ವರ್ಷದಿಂದ ಬೀಗ ಹಾಕಿಟ್ಟಿದ್ದ. ಹನುಮವ್ವ ಮುಂದೆ ಬಂದು, “ಅಣ್ಣಾರ, ನಾ ಮುಂಜಾನೆ ನಾಕಕ್ಕ ರೊಟ್ಟಿ ಬಡಿಯಾಕಿ. ಸಪ್ಪಳ ಆಗ್ತೈತಿ,” ಎಂದಳು. ಗಿರಣಿ ಮನೆಯಲ್ಲಿ ಸಪ್ಪಳದ ಮಾತೇನಮ್ಮ ಎಂದು ಅವನು ನಕ್ಕ. ನಕ್ಕರೂ ಬೀಗದ ಕೈ ತರಲು ಹೋಗಲಿಲ್ಲ. ಮರೆವ್ವನನ್ನೇ ಕೇಳಿದ.

“ನಿಮ್ ಸಂಬಂಧಿಕ್ರಾ ಮರೆವ್ವ?”

“ಅಲ್ಲ.”

“ನಿಮ್ಮೂರೋರಾ?”

“ಅಲ್ಲಪ್ಪ. ಇವತ್ತ ನೋಡೀನಿ ಈಕೀನ.”

“ಇವತ್ತ್ ನೋಡಿದೋರ್ಗೆ ನೀನು ಇಷ್ಟ್ ದೂರ ನಡ್ಕಂಡ್ ಬಂದ್ಯಾ?”

ಮರೆವ್ವ ಕೋಲನ್ನು ನೆಲಕ್ಕೂರಿ ಉಸಿರು ತಗೊಂಡಳು. “ಇಪ್ಪತ್ತು ವರ್ಷ ಆತಪ್ಪ ಇಲ್ಲಿಗೆ ಬಂದು,” ಎಂದಳು. “ಇದ್ದ ಗುಡಿಸಲಾ ಕಿತ್ರು, ನನ್ನ ಕೇಳಲಿಲ್ಲ. ರಸ್ತೆ ದೊಡ್ಡದು ಮಾಡಿದ್ರು, ಕೇಳಲಿಲ್ಲ. ನನ್ನ ಬಾಗಲಾ ಮುಂದ ಗ್ವಾಡಿ ಎಬ್ಬಿಸಿದ್ರು, ಕೇಳಲಿಲ್ಲ. ಈಕಿ ಬಂದು, ನಾ ಇಲ್ಲಿ ಬರಲೇನಂತ ನನ್ನ ಕೇಳಿದ್ಲು. ಬ್ಯಾಡಂದೆ. ಆತು ಯವ್ವಾ ಅಂದು ಚೀಲ ತಗೊಂಡು ಹೊಂಟ್ಲು. ಇಪ್ಪತ್ತು ವರ್ಷದಾಗ ನನ್ನ ಒಂದ್ ಮಾತು ಕೇಳಿದಾಕಿ ಈಕಿ ಒಬ್ಬಾಕಿ.”

ದೇವರಾಜ್ ಒಳಗೆ ಹೋಗಿ ಬೀಗದ ಕೈ ತಂದು ಹನುಮವ್ವನ ಮುಂದೆ ಹಿಡಿದ. “ಯಾವತ್ತು ಬತ್ತೀರಮ್ಮ?” ಎಂದು ಕೇಳಿದ.

ಯಾರ ಯಾವ ಮಾತಿಗೂ ನಾಲಿಗೆಯ ತುದಿಯಲ್ಲೇ ಉತ್ತರ ಇಟ್ಟುಕೊಂಡವಳು ಹನುಮವ್ವ. ಆ ಹೊತ್ತು ಮಾತ್ರ ಮರೆವ್ವನ ಕೈ ಹಿಡಿದುಕೊಂಡು ಬಾಯಿಗೆ ಸೆರಗು ಒತ್ತಿ ನಿಂತುಬಿಟ್ಟಳು. ಮುಂದಿನ ಭಾನುವಾರ ಎಂದು ಅಮರಪ್ಪನೇ ಹೇಳಬೇಕಾಯಿತು.